ಸ್ಕ್ಯಾನಲ್ಲಿ ಮೂಳೆ ಪರವಾಗಿಲ್ಲ ಅಂತಿದೆ, ಮತ್ತೆ ಅಮ್ಮನ ಕೈ ಯಾಕೆ ಮುರೀತು?

ಪ್ರಶ್ನೆ: ನಾವಿರೋದು ರಾಜಾಜಿನಗರ. ಅಮ್ಮನಿಗೆ 67 ವರ್ಷ, ಶುಗರ್ ಶುರುವಾಗಿ 18 ವರ್ಷ ಆಯ್ತು. ಹೋದ ತಿಂಗಳು ಬೆಳಗ್ಗೆ ಬಾಗಿಲಿಗೆ ನೀರು ಹಾಕ್ತಾ ಕಾಲು ಜಾರಿ ಕೈ ಊರಿ ಬಿದ್ರು, ಬಲಗೈ ಮಣಿಕಟ್ಟು ಮುರೀತು, ಪ್ಲಾಸ್ಟರ್ ಹಾಕಿದ್ದಾರೆ. ಡೆಕ್ಸಾ ಸ್ಕ್ಯಾನ್ (ಮೂಳೆ ಸಾಂದ್ರತೆ ನೋಡೋದು) ಮಾಡಿಸಿದ್ವಿ. ಟಿ-ಸ್ಕೋರ್ ಬೆನ್ನಲ್ಲಿ ಮೈನಸ್ 0.4, ಸೊಂಟದ ಕೀಲಿನ ಹತ್ರ ಮೈನಸ್ 2.1, ಕೆಳಗೆ ಆಸ್ಟಿಯೋಪೀನಿಯಾ (ಮೂಳೆ ಸ್ವಲ್ಪ ತೆಳುವಾಗಿದೆ) ಅಂತ ಬರೆದಿದೆ. ತೋರಿಸಿದ ಕಡೆ "ವಯಸ್ಸಿಗೆ ತಕ್ಕ ಹಾಗಿದೆ, ಕ್ಯಾಲ್ಸಿಯಂ ತಗೊಳ್ಳಿ ಸಾಕು" ಅಂದ್ರು. ಶುಗರ್‌ಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ಪಯೋಗ್ಲಿಟಜೋನ್ ಮೂರೂ ಸೇರಿರೋ ಮಾತ್ರೆ ನಡೀತಿದೆ, ಎಚ್‌ಬಿಎ1ಸಿ 8.4. ಮೂಳೆ ಪರವಾಗಿಲ್ಲ ಅನ್ನೋದಾದ್ರೆ ಅಷ್ಟಕ್ಕೇ ಯಾಕೆ ಮುರೀತು? ಶುಗರ್‌ಗೂ ಇದಕ್ಕೂ ಸಂಬಂಧ ಇದ್ಯಾ? ಇನ್ನೇನು ಟೆಸ್ಟ್ ಮಾಡಿಸ್ಬೇಕು? ಅಮ್ಮ ಮತ್ತೆ ವಾಕಿಂಗ್ ಹೋಗ್ಬಹುದಾ?

ಉತ್ತರ: ಮೇಡಂ, ಮೊದಲು ಒಂದು ಮಾತು ಹೇಳ್ಬಿಡ್ತೀನಿ, ಉಳಿದಿದ್ದೆಲ್ಲ ಅದರ ಹಿಂದೇನೇ ಬರತ್ತೆ. ನಿಮ್ಮ ತಾಯಿಯವರ ಮೂಳೆ ಬಗ್ಗೆ ನಿಮ್ಮ ಹತ್ರ ಇರೋ ಅತಿ ಮುಖ್ಯವಾದ ರಿಪೋರ್ಟು ಆ ಡೆಕ್ಸಾ ಹಾಳೆ ಅಲ್ಲ, ಮುರಿದಿರೋ ಆ ಮಣಿಕಟ್ಟು. ನಿಂತಿರೋ ಎತ್ತರದಿಂದ, ಅಂದ್ರೆ ಮಹಡಿಯಿಂದಲ್ಲ, ಬೈಕಿಂದಲ್ಲ, ಸುಮ್ನೆ ನಿಂತ ಜಾಗದಿಂದ ಜಾರಿ ಬಿದ್ದು 67ರ ವಯಸ್ಸಲ್ಲಿ ಮೂಳೆ ಮುರಿದ್ರೆ ಅದನ್ನ ನಾವು ದುರ್ಬಲ ಮೂಳೆಯ ಮುರಿತ ಅಂತಾನೇ ಲೆಕ್ಕಕ್ಕೆ ತಗೋತೀವಿ, ಸ್ಕ್ಯಾನ್ ಏನೇ ಹೇಳ್ಲಿ. ಒಂದ್ಸಲ ಹೀಗೆ ಮುರಿದವರಿಗೆ ಇನ್ನೊಂದು ಕಡೆ ಮುರಿಯೋ ಸಾಧ್ಯತೆ ಜಾಸ್ತಿ, ಅದ್ರಲ್ಲೂ ಮುಂದಿನ ಒಂದೆರಡು ವರ್ಷದಲ್ಲಿ. ಕೈ ಮುರಿದಿದ್ದು ಆರು ವಾರಕ್ಕೆ ಕೂಡ್ಕೊಳತ್ತೆ, ನಾನು ಹೆದರೋದು ಅದಕ್ಕಲ್ಲ, ಮುಂದಿನ ಸಲ ಸೊಂಟ ಆಗ್ಬಾರ್ದು ಅಂತ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಡೆಕ್ಸಾ ಅಳೆಯೋದು ಮೂಳೇಲಿ ಖನಿಜ ಎಷ್ಟಿದೆ ಅನ್ನೋದನ್ನ, ಅಂದ್ರೆ ಕ್ಯಾಲ್ಸಿಯಂ ಥರದ್ದು ಒಂದು ಚದರ ಸೆಂಟಿಮೀಟರಿಗೆ ಎಷ್ಟು ಗ್ರಾಂ ಅಂತ. ಅದು ಪ್ರಮಾಣ. ಮೂಳೆ ಎಷ್ಟು ಚೆನ್ನಾಗಿದೆ, ಪೆಟ್ಟು ಬಿದ್ದಾಗ ಸ್ವಲ್ಪ ಬಾಗಿ ತಡ್ಕೊಳತ್ತಾ ಅನ್ನೋ ಗುಣ ಅದಕ್ಕೆ ಕಾಣಲ್ಲ. ಶುಗರ್ ಇಲ್ಲದವರಲ್ಲಿ ಪ್ರಮಾಣ ನೋಡಿ ಗುಣವನ್ನ ಒಂದು ಮಟ್ಟಿಗೆ ಅಂದಾಜು ಮಾಡ್ಬಹುದು. ಟೈಪ್ 2 ಶುಗರ್ ಇರೋರಲ್ಲಿ ಆ ಲೆಕ್ಕ ತಪ್ಪತ್ತೆ, ಇವರಲ್ಲಿ ಎಷ್ಟೋ ಜನಕ್ಕೆ ಡೆಕ್ಸಾ ನಾರ್ಮಲ್ ಇರತ್ತೆ, ಕೆಲವ್ರಿಗೆ ಬೇರೆಯವರಿಗಿಂತ ಜಾಸ್ತೀನೇ ಇರತ್ತೆ (ಮೈ ತೂಕ ಜಾಸ್ತಿ ಇರೋದೂ ಅದಕ್ಕೊಂದು ಕಾರಣ), ಆದ್ರೂ ಸೊಂಟದ ಮೂಳೆ ಮುರಿತ ಇವರಲ್ಲಿ ಸರಿಸುಮಾರು ಒಂದೂವರೆ ಪಟ್ಟು. ಸ್ಕ್ಯಾನ್ ಚೆನ್ನಾಗಿದ್ದೂ ಮುರಿತ ಜಾಸ್ತಿ. ನಿಮ್ಮ ಮನೇಲಿ ಆಗಿರೋದೂ ಇದೇ.

ಯಾಕೆ ಹೀಗೆ ಅಂತ ಅರ್ಥ ಆಗ್ಬೇಕಂದ್ರೆ ಅಡಿಗೆಮನೆಗೆ ಹೋಗಿ. ದೋಸೆ ಹೆಂಚಿನ ಮೇಲೆ ಕೆಂಪಗಾಗತ್ತಲ್ಲ, ಅದು ಹಿಟ್ಟಲ್ಲಿರೋ ಸಕ್ಕರೆ ಅಂಶ ಪ್ರೋಟೀನಿಗೆ ಅಂಟ್ಕೊಂಡು ಆಗೋ ಬದಲಾವಣೆ. ನಮ್ಮ ಮೈಯೊಳಗೂ ಅದೇ ರಸಾಯನ ನಡೆಯತ್ತೆ, ಬಿಸಿ ಕಡಿಮೆ ಇರೋದ್ರಿಂದ ವರ್ಷಗಟ್ಟಲೆ ನಿಧಾನಕ್ಕೆ. ಎಚ್‌ಬಿಎ1ಸಿ ಅಂತ ನೀವು ಮಾಡಿಸ್ತೀರಲ್ಲ, ಅದು ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿರೋ ಸಕ್ಕರೆಯ ಲೆಕ್ಕ. ಮೂಳೇಲಿ ಕೊಲ್ಯಾಜನ್ ಅನ್ನೋ ನಾರಿನಂಥ ಪ್ರೋಟೀನ್ ಇರತ್ತೆ, ಅದಕ್ಕೂ ಸಕ್ಕರೆ ಅಂಟತ್ತೆ, ಅಂಟಿ ನಾರು ನಾರಿನ ನಡುವೆ ಬೇಡದ ಗಂಟುಗಳು ಬೀಳ್ತಾವೆ. ಸೆಟ್ ದೋಸೆ ಮಡಚಿದ್ರೆ ಮಡಚ್ಕೊಳತ್ತೆ, ಗರಿಗರಿ ಪೇಪರ್ ದೋಸೆ ಮಡಚಕ್ಕೆ ಹೋದ್ರೆ ಪಟ್ ಅಂತ ಮುರಿಯತ್ತೆ, ಹಿಟ್ಟು ಎರಡಕ್ಕೂ ಅದೇ. ಡೆಕ್ಸಾಗೆ ಹಿಟ್ಟು ಎಷ್ಟಿದೆ ಅಂತ ಮಾತ್ರ ಗೊತ್ತಾಗೋದು.

ಇದ್ರಲ್ಲಿ ಇನ್ನೂ ಒಂದು ವಿಷ್ಯ ಇದೆ. ರಕ್ತದ ಕೆಂಪು ಕಣ ಮೂರ್ನಾಲ್ಕು ತಿಂಗಳಿಗೆ ಹೊಸದಾಗತ್ತೆ, ಅದಕ್ಕೇ ಎಚ್‌ಬಿಎ1ಸಿ ಮೂರು ತಿಂಗಳ ಕಥೆ ಹೇಳೋದು. ಮೂಳೆ ಹಾಗಲ್ಲ, ದೊಡ್ಡವರಲ್ಲಿ ವರ್ಷಕ್ಕೆ ಹೆಚ್ಚೂಕಮ್ಮಿ ಹತ್ತನೇ ಒಂದು ಭಾಗ ಅಷ್ಟೇ ಹೊಸದಾಗೋದು, ಹೊರಗಿನ ಗಟ್ಟಿ ಪದರದಲ್ಲಿ ಅದಕ್ಕಿಂತಲೂ ನಿಧಾನ. ಶುಗರ್ ಇದ್ದಾಗ ಈ ಹೊಸದಾಗೋ ಕೆಲಸವೇ ಮಂದ ಆಗತ್ತೆ, ಹಳೇ ಮೂಳೆ ಹಾಗೇ ಉಳ್ಕೊಂಡು ಅದರಲ್ಲಾದ ಸಣ್ಣಪುಟ್ಟ ಬಿರುಕುಗಳು ರಿಪೇರಿ ಆಗದೆ ಸೇರ್ತಾ ಹೋಗ್ತಾವೆ. ಜೊತೆಗೆ ಕೆಲವರಲ್ಲಿ ಹೊರಗಿನ ಗಟ್ಟಿ ಪದರದಲ್ಲಿ ಸಣ್ಣ ಸಣ್ಣ ತೂತು ಜಾಸ್ತಿಯಾಗಿರತ್ತೆ, ಅದೂ ಮಾಮೂಲಿ ಡೆಕ್ಸಾದಲ್ಲಿ ಕಾಣಲ್ಲ. ಹಾಗಾಗಿ 18 ವರ್ಷದ ಶುಗರ್ ಅಂದಾಗ ನಾನು ಈ ಸಲದ 8.4 ಒಂದನ್ನೇ ನೋಡಲ್ಲ, ಹಿಂದಿನ ಹತ್ತು ಹದಿನೈದು ವರ್ಷ ಹೇಗಿತ್ತು ಅಂತ ಕೇಳ್ತೀನಿ, ಮೂಳೆಯೊಳಗೆ ಆ ಲೆಕ್ಕ ಪೂರ್ತಿ ಉಳಿದಿರತ್ತೆ.

ಇನ್ನು ನಿಮ್ಮ ರಿಪೋರ್ಟನ್ನ ಹೇಗೆ ಓದ್ಬೇಕು ಅಂತ ನೋಡೋಣ. ಟಿ-ಸ್ಕೋರ್ ಅಂದ್ರೆ ಆರೋಗ್ಯವಾಗಿರೋ ಯುವ ವಯಸ್ಸಿನವರ ಮೂಳೆ ಸಾಂದ್ರತೆಗೆ ಹೋಲಿಸಿ ಕೊಡೋ ನಂಬರ್, ಮೈನಸ್ ಜಾಸ್ತಿಯಾದಷ್ಟೂ ಸಾಂದ್ರತೆ ಕಡಿಮೆ. ಬೆನ್ನಿನ ಮೈನಸ್ 0.4 ಮರೆತುಬಿಡಿ. ಈ ವಯಸ್ಸಲ್ಲಿ ಬೆನ್ನುಮೂಳೆ ಸವೆದು ಅಂಚಲ್ಲಿ ಎಲುಬು ಬೆಳೆದಿರತ್ತೆ, ಮುಂದುಗಡೆ ಹಾದು ಹೋಗೋ ದೊಡ್ಡ ರಕ್ತನಾಳದ ಗೋಡೇಲಿ ಕ್ಯಾಲ್ಸಿಯಂ ಕೂತಿರತ್ತೆ (ಶುಗರ್ ಇರೋರಲ್ಲಿ ಇದು ಮಾಮೂಲು), ಮೆಷಿನ್ ಅದೆಲ್ಲವನ್ನೂ ಮೂಳೆ ಅಂತಾನೇ ಎಣಿಸತ್ತೆ. ಅಷ್ಟೇ ಅಲ್ಲ, ಬೆನ್ನಿನ ಒಂದು ಎಲುಬು ಕುಸಿದು ಚಪ್ಪಟೆಯಾಗಿದ್ರೂ ಅಲ್ಲಿ ಸಾಂದ್ರತೆ ಜಾಸ್ತಿ ತೋರ್ಸತ್ತೆ, ಅಂದ್ರೆ ಮುರಿದ ಮೂಳೇನೇ ಒಳ್ಳೇ ನಂಬರ್ ಕೊಡತ್ತೆ. ನಂಬಬೇಕಾದ್ದು ಸೊಂಟದ ಮೈನಸ್ 2.1.

ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ರೆ ಆಸ್ಟಿಯೋಪೊರೋಸಿಸ್, ಅಂದ್ರೆ ಮೂಳೆ ಟೊಳ್ಳಾಗೋ ಕಾಯಿಲೆ, ಅನ್ನೋ ಗೆರೆಯನ್ನ ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ್ದು, ಋತುಬಂಧ ದಾಟಿದ ಹೆಂಗಸರ ಲೆಕ್ಕದಲ್ಲಿ, ಶುಗರ್ ಅನ್ನೋದು ಆ ಲೆಕ್ಕದಲ್ಲೇ ಇರಲಿಲ್ಲ. 2011ರಲ್ಲಿ ಅಮೆರಿಕದ ಮೂರು ದೊಡ್ಡ ಅಧ್ಯಯನಗಳ ಮಾಹಿತಿ ಒಟ್ಟು ಹಾಕಿ ನೋಡಿದಾಗ ಗೊತ್ತಾಗಿದ್ದೇನು ಅಂದ್ರೆ, ಅದೇ ವಯಸ್ಸು, ಸೊಂಟ ಮುರಿಯೋ ಅಪಾಯಾನೂ ಅಷ್ಟೇ ಅಂತ ಇಟ್ಕೊಂಡ್ರೆ, ಟೈಪ್ 2 ಇರೋ ಹೆಂಗಸರ ಟಿ-ಸ್ಕೋರ್ ಶುಗರ್ ಇಲ್ಲದವರಿಗಿಂತ ಸುಮಾರು 0.6 ಚೆನ್ನಾಗಿ ಕಾಣತ್ತೆ, ಗಂಡಸರಲ್ಲಿ ಸುಮಾರು 0.4. ಅದಕ್ಕೇ ಈಗ ನಾವು ಶುಗರ್ ಇರೋರ ಸ್ಕೋರಿಂದ 0.5 ಕಳೆದು ಓದ್ತೀವಿ. ನಿಮ್ಮ ಅಮ್ಮನ ಮೈನಸ್ 2.1 ಅಂದ್ರೆ ಮೈನಸ್ 2.6 ಇದ್ದ ಹಾಗೆ. ಹಾಳೆ ಮೇಲೆ ಆಸ್ಟಿಯೋಪೀನಿಯಾ, ಅಪಾಯದ ಲೆಕ್ಕದಲ್ಲಿ ಆಸ್ಟಿಯೋಪೊರೋಸಿಸ್. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಕೂಡ 2024ರಿಂದ ತನ್ನ ಮಾರ್ಗಸೂಚಿಯಲ್ಲಿ ಶುಗರ್ ಇರೋ ಹಿರಿಯರಿಗೆ ಮೈನಸ್ 2.0 ಬಂದ್ರೇನೇ ಔಷಧಿ ಯೋಚಿಸಿ ಅಂತಿದೆ, ಮೊದಲೇ ಮೂಳೆ ಮುರಿದಿದ್ರಂತೂ ಸರಿಯೇ ಸರಿ. ನಿಮ್ಮ ತಾಯಿಯವ್ರಿಗೆ ಎರಡೂ ಇದೆ.

ಇದನ್ನ ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ನಾನು ಪ್ರಾಕ್ಟೀಸ್ ಶುರು ಮಾಡಿದ ಮೊದಲ ವರ್ಷಗಳಲ್ಲಿ ಒಬ್ರು ವಯಸ್ಸಾದ ಹೆಂಗಸು ಇಂಥದ್ದೇ ರಿಪೋರ್ಟ್ ತಂದಿದ್ರು, ಸ್ಕೋರ್ ನೋಡಿ ನಾನೂ ಪರವಾಗಿಲ್ಲಮ್ಮ ಅಂತ ಕಳಿಸ್ದೆ, ವರ್ಷ ತುಂಬೋದರೊಳಗೆ ಸೊಂಟ ಮುರಿದು ಆಪರೇಷನ್ ಆಯ್ತು, ಆಮೇಲೆ ಅವರು ಯಾರ ಆಸರೆಯೂ ಇಲ್ದೆ ನಡೀಲೇ ಇಲ್ಲ. ಆ ಹಾಳೆ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ. ಅವತ್ತಿಂದ ಡೆಕ್ಸಾ ಹಾಳೆ ಬಂದ್ರೆ ಶುಗರ್ ಇದ್ಯಾ, ಎಷ್ಟು ವರ್ಷ, ಯಾವ ಮಾತ್ರೆ ಅಂತ ಕೇಳದೆ ನಂಬರ್ ಕಡೆ ಕಣ್ಣೇ ಹಾಯಿಸಲ್ಲ.

ಫ್ರಾಕ್ಸ್ ಅಂತ ಒಂದು ಲೆಕ್ಕಾಚಾರ ಇದೆ, ಇಂಗ್ಲೆಂಡಿನ ಶೆಫೀಲ್ಡ್ ಯೂನಿವರ್ಸಿಟಿಯವ್ರು 2008ರಲ್ಲಿ ತಂದಿದ್ದು, ಭಾರತದ್ದು ಅಂತ ಬೇರೆ ಆಯ್ಕೇನೂ ಅದರಲ್ಲಿದೆ. ವಯಸ್ಸು, ತೂಕ, ಎತ್ತರ, ಹಿಂದೆ ಮೂಳೆ ಮುರಿದಿದ್ಯಾ, ಅಪ್ಪ ಅಮ್ಮಂದಿರಲ್ಲಿ ಯಾರಿಗಾದ್ರೂ ಸೊಂಟ ಮುರಿದಿತ್ತಾ, ಸ್ಟೀರಾಯ್ಡ್, ಸಿಗರೇಟು, ಕುಡಿತ ಹೀಗೆ ತುಂಬಿದ್ರೆ ಮುಂದಿನ 10 ವರ್ಷದಲ್ಲಿ ಮೂಳೆ ಮುರಿಯೋ ಸಾಧ್ಯತೆ ಶೇಕಡಾ ಎಷ್ಟು ಅಂತ ಕೊಡತ್ತೆ. ಸೊಂಟಕ್ಕೆ 3 ಅಥವಾ ಒಟ್ಟಾರೆ ದೊಡ್ಡ ಮುರಿತಗಳಿಗೆ 20 ದಾಟಿದ್ರೆ ಔಷಧಿ ಅನ್ನೋದು ಅಮೆರಿಕದ ಕಡೆ ಬಳಸೋ ಗೆರೆ. ಆದ್ರೆ ಮಾಮೂಲಿ ಫ್ರಾಕ್ಸಿನಲ್ಲಿ ಟೈಪ್ 2 ಶುಗರ್‌ಗೆ ಅಂತ ಜಾಗಾನೇ ಇಲ್ಲ! ಇದು ನಮ್ಮ ಊರಿಗೆ ದೊಡ್ಡ ಕೊರತೆ, ಇಲ್ಲಿ ಯಾವ ಮನೆಗೆ ಹೋದ್ರೂ ಒಬ್ಬರಿಗಾದ್ರೂ ಶುಗರ್ ಇರತ್ತೆ. ಹಾಗಾಗಿ ನಾವು ಒಂದು ಉಪಾಯ ಮಾಡ್ತೀವಿ, ರುಮಟಾಯ್ಡ್ ಆರ್ಥ್ರೈಟಿಸ್ (ಕೀಲು ಊದೋ ಕಾಯಿಲೆ) ಇಲ್ದಿದ್ರೂ, ಅದಿದ್ಯಾ ಅಂತ ಫ್ರಾಕ್ಸ್ ಕೇಳೋ ಪ್ರಶ್ನೆಗೆ ಹೌದು ಅಂತ ಹಾಕ್ತೀವಿ, ಅದರ ಪರಿಣಾಮ ಶುಗರಿನ ಪರಿಣಾಮಕ್ಕೆ ಹತ್ರ ಹತ್ರ ಬರತ್ತೆ. ಇಲ್ಲಾಂದ್ರೆ ಟಿ-ಸ್ಕೋರಿಂದ 0.5 ಕಳೆದು ಹಾಕ್ತೀವಿ, ಅಥವಾ ವಯಸ್ಸಿಗೆ 10 ವರ್ಷ ಸೇರಿಸ್ತೀವಿ. ಮೂರರಲ್ಲಿ ಯಾವುದಾದ್ರೂ ಒಂದು ಸಾಕು, ಮೂರೂ ಒಟ್ಟಿಗೆ ಹಾಕಿ ಗಾಬರಿಯಾಗ್ಬೇಡಿ. ನಿಮ್ಮ ತಾಯಿ ವಿಷಯದಲ್ಲಿ ಕೈ ಮುರಿದಾಗ್ಲೇ ತೀರ್ಮಾನ ಆಗಿದೆ, ಫ್ರಾಕ್ಸ್ ಬರೀ ಸಮಾಧಾನಕ್ಕೆ.

ಟೈಪ್ 1 ಮಕ್ಕಳ ತಂದೆತಾಯಂದಿರೂ ಇದನ್ನ ಓದ್ತಿರಬಹುದು, ಅವರಿಗೆ ಚಿಕ್ಕದಾಗಿ: ಅಲ್ಲಿ ಕಥೆ ಬೇರೆ, ಮೂಳೆ ಬೆಳೆಯೋ ವಯಸ್ಸಲ್ಲೇ ಇನ್ಸುಲಿನ್ ಕೊರತೆ ಆಗೋದ್ರಿಂದ ಸಾಂದ್ರತೇನೂ ಕಡಿಮೆ ಇರತ್ತೆ, ದೊಡ್ಡವರಾದ್ಮೇಲೆ ಸೊಂಟ ಮುರಿಯೋ ಅಪಾಯ ಹಲವು ಪಟ್ಟು ಜಾಸ್ತಿ, ಜೊತೆಗೆ ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇದ್ಯಾ ಅಂತಾನೂ ಪರೀಕ್ಷೆ ಆಗ್ಬೇಕು.

ಇನ್ನೇನು ಟೆಸ್ಟ್ ಅಂದ್ರಲ್ಲ. ನನ್ನ ಪಟ್ಟೀಲಿ ಮೊದಲನೇದು ತುಂಬಾ ಸಾದಾ, ಬೆನ್ನಿನ ಪಕ್ಕದಿಂದ ತೆಗೆಯೋ ಎಕ್ಸ್-ರೇ, ಎದೆಯ ಹಿಂದಿನ ಭಾಗ ಮತ್ತೆ ಕೆಳಬೆನ್ನು ಎರಡೂ. ಬೆನ್ನುಮೂಳೆ ಮುರಿತ ಎಷ್ಟೋ ಸಲ ಸದ್ದಿಲ್ದೆ ಆಗತ್ತೆ, ವಯಸ್ಸಾಯ್ತು ಬೆನ್ನು ನೋವು ಅಂತ ಮುಲಾಮು ಹಚ್ಕೊಂಡು ಸುಮ್ನಾಗಿರ್ತಾರೆ. ಮನೇಲೇ ಒಂದು ಸುಳಿವು ಸಿಗತ್ತೆ, ಅಮ್ಮನ ಎತ್ತರ ಅಳೆದು ಹಳೇ ಆಸ್ಪತ್ರೆ ಫೈಲಲ್ಲಿರೋದಕ್ಕೆ ಹೋಲಿಸಿ. ಹಳೇ ನೈಟಿ ನೆಲಕ್ಕೆ ತಾಗ್ತಿದ್ಯಾ, ಸೀರೆ ಉಡುವಾಗ ಲಂಗ ಮೊದಲಿಗಿಂತ ಮೇಲೆ ಕಟ್ಟಬೇಕಾಗ್ತಿದ್ಯಾ ಅಂತ ಕೇಳಿ ನೋಡಿ, ಹೆಂಗಸರಿಗೆ ಇದು ಗೊತ್ತಾಗಿರತ್ತೆ, ಯಾರೂ ಕೇಳಿರಲ್ಲ ಅಷ್ಟೇ. ವಯಸ್ಸಲ್ಲಿದ್ದಾಗಿನ ಎತ್ತರಕ್ಕಿಂತ 4 ಸೆಂಟಿಮೀಟರ್ ಕಡಿಮೆಯಾಗಿದ್ರೆ ಎಕ್ಸ್-ರೇ ಬೇಕೇ ಬೇಕು.

ಎರಡನೇದು ಟಿಬಿಎಸ್. ಟ್ರಬೆಕ್ಯುಲರ್ ಬೋನ್ ಸ್ಕೋರ್ ಅಂತ ಪೂರ್ತಿ ಹೆಸರು, ಹೊಸ ಸ್ಕ್ಯಾನ್ ಬೇಡ, ಈಗಾಗ್ಲೇ ತೆಗೆದಿರೋ ಬೆನ್ನಿನ ಡೆಕ್ಸಾ ಚಿತ್ರವನ್ನೇ ಸಾಫ್ಟ್‌ವೇರ್ ಇನ್ನೊಂದು ಸಲ ಓದಿ ಒಳಗಿನ ಜೇನುಗೂಡಿನಂಥ ರಚನೆ ಹೇಗಿದೆ ಅಂತ ಅಂದಾಜು ಹೇಳತ್ತೆ. 1.31ಕ್ಕಿಂತ ಮೇಲಿದ್ರೆ ಚೆನ್ನಾಗಿದೆ, 1.23ಕ್ಕಿಂತ ಕೆಳಗಿದ್ರೆ ಹದಗೆಟ್ಟಿದೆ ಅಂತ ಲೆಕ್ಕ. ಶುಗರ್ ಇರೋರಲ್ಲಿ ಟಿ-ಸ್ಕೋರ್ ಮುಚ್ಚಿಟ್ಟಿದ್ದನ್ನ ಇದು ಎಷ್ಟೋ ಸಲ ತೆಗೆದು ತೋರಿಸತ್ತೆ. ಹೊಟ್ಟೆ ದಪ್ಪ ಇದ್ದವರಲ್ಲಿ ಸ್ಕೋರ್ ಸ್ವಲ್ಪ ಕೆಳಗೆ ಬರಬಹುದು, ಅದೊಂದು ಮಿತಿ. ಎಲ್ಲಾ ಸೆಂಟರಲ್ಲೂ ಈ ಸಾಫ್ಟ್‌ವೇರ್ ಇರಲ್ಲ, ಡೆಕ್ಸಾ ಬುಕ್ ಮಾಡುವಾಗಲೇ ಫೋನಲ್ಲಿ ಕೇಳಿ. ಒಳರಚನೆಯನ್ನ ಇನ್ನೂ ಸೂಕ್ಷ್ಮವಾಗಿ ತೋರಿಸೋ ವಿಶೇಷ ಸಿಟಿ ಸ್ಕ್ಯಾನ್, ಮೊಣಕಾಲಿನ ಕೆಳಗೆ ಮುಂದುಗಡೆ ಇರೋ ಮೂಳೆಗೆ ಸೂಜಿಯಷ್ಟು ಮೊನೆ ಒತ್ತಿ ಗಟ್ಟಿತನ ಅಳೆಯೋ ವಿಧಾನ ಇವೆಲ್ಲಾ ಸಂಶೋಧನೆಗೆ ಬಳಸೋವು, ನೀವು ಅದಕ್ಕಾಗಿ ಅಲೀಬೇಕಾಗಿಲ್ಲ.

ರಕ್ತ ಪರೀಕ್ಷೇಲಿ ವಿಟಮಿನ್ ಡಿ, ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್ ಮತ್ತೆ ಅದರಿಂದ ಬರೋ ಇಜಿಎಫ್ಆರ್ (ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅನ್ನೋ ಲೆಕ್ಕ), ಥೈರಾಯ್ಡ್, ಬೇಕಾದ್ರೆ ಪಿಟಿಎಚ್ (ರಕ್ತದ ಕ್ಯಾಲ್ಸಿಯಂ ನೋಡ್ಕೊಳ್ಳೋ ಹಾರ್ಮೋನು). ಮೆಟ್‌ಫಾರ್ಮಿನ್ ತುಂಬಾ ವರ್ಷದಿಂದ ತಗೊಳ್ತಿರೋದ್ರಿಂದ ಬಿ12 ಕೂಡ, ಅದು ಕಡಿಮೆ ಆದ್ರೆ ಕಾಲು ಮರಗಟ್ಟೋದು ಜಾಸ್ತಿಯಾಗತ್ತೆ, ಬೀಳೋದೂ ಜಾಸ್ತಿಯಾಗತ್ತೆ. ಮೂಳೆ ಸವೆಯೋದು, ಕಟ್ಟೋದು ಎಷ್ಟು ಅಂತ ಹೇಳೋ ಮಾರ್ಕರ್ ಅಂತ ಸಿಟಿಎಕ್ಸ್, ಪಿ1ಎನ್‌ಪಿ ಮಾಡಿಸಿ ಅಂತ ಪ್ಯಾಕೇಜಲ್ಲಿ ಸೇರಿಸಿರ್ತಾರೆ, ಶುಗರ್ ಇರೋರಲ್ಲಿ ಅವು ಮೊದಲೇ ಕಡಿಮೆ ಇರ್ತಾವೆ, ಕಡಿಮೆ ಬಂತು ಅಂತ ಮೂಳೆ ಮುರಿಯಲ್ಲ ಅನ್ನೋ ಹಾಗಿಲ್ಲ, ಅಪಾಯ ಅಳೆಯಕ್ಕೆ ಅಂತ ದುಡ್ಡು ಹಾಕ್ಬೇಡಿ. ಇನ್ನು ಅಪಾರ್ಟ್‌ಮೆಂಟಲ್ಲಿ, ಪಾರ್ಕಲ್ಲಿ ಭಾನುವಾರ ಬೆಳಗ್ಗೆ ಫ್ರೀ ಬೋನ್ ಚೆಕಪ್ ಅಂತ ಹಿಮ್ಮಡಿ ಒಂದು ಪುಟ್ಟ ಮೆಷಿನ್ನಲ್ಲಿಟ್ಟು ಸ್ಲಿಪ್ ಕೊಡ್ತಾರಲ್ಲ, ಅದು ಅಲ್ಟ್ರಾಸೌಂಡ್, ಡೆಕ್ಸಾ ಅಲ್ಲ, ಅದನ್ನ ನೋಡಿ ಔಷಧಿ ಶುರು ಮಾಡೋದೂ ತಪ್ಪು, ಚೆನ್ನಾಗಿದೆ ಅಂತ ಸುಮ್ನಾಗೋದೂ ತಪ್ಪು.

ಈಗ ಆ ಮಾತ್ರೆ. ನೀವು ಬರೆದಿದ್ದರಲ್ಲಿ ನನ್ನ ಕಣ್ಣು ಮೊದಲು ನಿಂತಿದ್ದು ಪಯೋಗ್ಲಿಟಜೋನ್ ಮೇಲೆ. ನಮ್ಮಲ್ಲಿ ಇದು ಕಡಿಮೆ ಬೆಲೆ, ಶುಗರ್ ಚೆನ್ನಾಗಿ ಇಳಿಸತ್ತೆ, ಅದಕ್ಕೇ ತುಂಬಾ ಜನಕ್ಕೆ ಬರೀತಾರೆ. 2013ರ ಜೂನಲ್ಲಿ ಕೇಂದ್ರ ಸರ್ಕಾರ ಇದನ್ನ ನಿಲ್ಲಿಸಿತ್ತು, ಮುಂದಿನ ತಿಂಗಳೇ ಎಚ್ಚರಿಕೆ ಜೊತೆ ವಾಪಸ್ ಬಿಡ್ತು, ಆವಾಗ ಎಲ್ಲಾ ಕಡೆ ಮೂತ್ರಕೋಶದ ಕ್ಯಾನ್ಸರ್ ಮಾತೇ ಆಯ್ತು, ಮೂಳೆ ವಿಷಯ ಜನಕ್ಕೆ ಮುಟ್ಟಲೇ ಇಲ್ಲ. ಮೂಳೆಮಜ್ಜೇಲಿ ಒಂದೇ ತಾಯಿಕಣ ಮೂಳೆ ಕಟ್ಟೋ ಕಣವೂ ಆಗ್ಬಹುದು, ಕೊಬ್ಬಿನ ಕಣವೂ ಆಗ್ಬಹುದು, ಈ ಔಷಧಿ ಅದನ್ನ ಕೊಬ್ಬಿನ ಕಡೆ ತಳ್ಳತ್ತೆ. ಇದನ್ನ ತಗೊಳ್ಳೋ ಹೆಂಗಸರಲ್ಲಿ ಕೈ ಕಾಲಿನ ಮೂಳೆ ಮುರಿತ ಜಾಸ್ತಿ ಅನ್ನೋದು ದೊಡ್ಡ ಪ್ರಯೋಗಗಳಲ್ಲೇ ಕಂಡಿರೋದು. ಋತುಬಂಧ ದಾಟಿ, ಒಂದ್ಸಲ ಮೂಳೆ ಮುರಿದಿರೋ ಹೆಂಗಸಿಗೆ ನಾನಾದ್ರೆ ಇದನ್ನ ಮುಂದುವರಿಸಲ್ಲ. ಆದ್ರೆ ದಯವಿಟ್ಟು ನೀವೇ ನಿಲ್ಲಿಸ್ಬೇಡಿ, ಮೂರೂ ಸೇರಿರೋ ಮಾತ್ರೆ ಅದು, ನಿಲ್ಲಿಸಿದ್ರೆ ಮೂರೂ ನಿಲ್ಲತ್ತೆ, ಶುಗರ್ ಏಕ್‌ದಂ ಏರತ್ತೆ. ಶುಗರ್ ನೋಡೋ ಡಾಕ್ಟರ್ ಹತ್ರ ಹೋಗಿ "ಅಮ್ಮನ ಕೈ ಮುರಿದಿದೆ, ಪಯೋಗ್ಲಿಟಜೋನ್ ಬದಲಾಯಿಸ್ಬಹುದಾ" ಅಂತ ಕೇಳಿ, ಈ ಒಂದು ವಾಕ್ಯ ಸಾಕು. ಬದಲಿಗೆ ಕೊಡೋದ್ರಲ್ಲಿ ಕ್ಯಾನಾಗ್ಲಿಫ್ಲೋಜಿನ್ ಬೇಡ, ಒಂದು ದೊಡ್ಡ ಪ್ರಯೋಗದಲ್ಲಿ ಅದರಿಂದಲೂ ಮುರಿತ ಜಾಸ್ತಿ ಕಂಡಿತ್ತು. ಮೆಟ್‌ಫಾರ್ಮಿನ್, ಗ್ಲಿಪ್ಟಿನ್ ಗುಂಪಿನವು ಮೂಳೆಗೆ ತೊಂದ್ರೆ ಮಾಡಲ್ಲ.

ಅದೇ ಮಾತ್ರೆಯಲ್ಲಿರೋ ಗ್ಲಿಮೆಪಿರೈಡ್ ಮೂಳೆಗೆ ನೇರವಾಗಿ ಏನೂ ಮಾಡಲ್ಲ, ಆದ್ರೆ ಶುಗರ್ ತೀರಾ ಇಳಿಸಿ ಬೀಳಿಸತ್ತೆ. ಅವತ್ತು ಅಮ್ಮ ಬಿದ್ದಾಗ ಹೊತ್ತೆಷ್ಟು, ಕಾಫಿ ಆಗಿತ್ತಾ, ಹಿಂದಿನ ರಾತ್ರಿ ಸರಿಯಾಗಿ ಊಟ ಮಾಡಿದ್ರಾ, ಬೆವರು ನಡುಕ ಏನಾದ್ರೂ ಇತ್ತಾ ಕೇಳಿ. ಜಾರಿದ್ದು ನೀರಿಗೇನಾ ಅಥವಾ ತಲೆ ತಿರುಗಿ ಆಮೇಲೆ ಜಾರಿದ್ದಾ ಅನ್ನೋದು ದೊಡ್ಡ ವ್ಯತ್ಯಾಸ. ಎಚ್‌ಬಿಎ1ಸಿ 8.4 ಇಳೀಬೇಕು, ಆದ್ರೆ 6.5ಕ್ಕೆ ತರ್ತೀವಿ ಅಂತ ಹಠ ಬೇಡ, ಈ ವಯಸ್ಸಿಗೆ 7.5ರ ಆಸುಪಾಸು ಸಾಕು.

ಮೂಳೆ ಎಷ್ಟೇ ದುರ್ಬಲ ಇದ್ರೂ ಬೀಳದಿದ್ರೆ ಸೊಂಟ, ಮಣಿಕಟ್ಟು ಮುರಿಯೋದು ಕಡಿಮೆ, ಅದಕ್ಕೇ ಬೀಳೋ ಅಪಾಯ ಅಳೆಯೋದೂ ಈ ಪರೀಕ್ಷೆಯ ಅರ್ಧ ಭಾಗ, ನಮ್ಮ ಕ್ಲಿನಿಕ್‌ಗಳಲ್ಲಿ ಇದಕ್ಕೆ ಟೈಮ್ ಕೊಡೋದೇ ಇಲ್ಲ, ಅದು ನನಗೆ ನಿಜವಾಗ್ಲೂ ಬೇಜಾರಿನ ವಿಷ್ಯ. ಮನೇಲೇ ನೋಡಿ: ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರಕ್ಕೆ 12 ಸೆಕೆಂಡೋ ಅದಕ್ಕಿಂತ ಜಾಸ್ತಿಯೋ ಬೇಕಾದ್ರೆ ಬೀಳೋ ಅಪಾಯ ಇದೆ (ಪಕ್ಕದಲ್ಲಿ ಯಾರಾದ್ರೂ ಇರಿ). ಮಲಗಿದ್ದಾಗ ಒಂದ್ಸಲ, ಎದ್ದು ನಿಂತು 1 ನಿಮಿಷಕ್ಕೆ, 3 ನಿಮಿಷಕ್ಕೆ ಬಿಪಿ ನೋಡಿ, ಮೇಲಿನ ನಂಬರ್ 20 ಇಳಿದ್ರೆ ಬಿಪಿ ಮಾತ್ರೆ ಡೋಸ್ ಬಗ್ಗೆ ಮಾತಾಡ್ಬೇಕು. ಪಾದದ ಸ್ಪರ್ಶ, ಕಣ್ಣಿನ ರೆಟಿನಾ, ಪೊರೆ ವರ್ಷಕ್ಕೊಂದ್ಸಲ ನೋಡಿಸಿ. ಬೆಳಗ್ಗೆ ಬಾಗಿಲಿಗೆ ನೀರು ಹಾಕೋದು ಬಿಡಿ ಅಂದ್ರೆ ಅವರು ಬಿಡಲ್ಲ, ನಮ್ಮ ಅಮ್ಮಾನೂ ಬಿಡ್ತಿರಲಿಲ್ಲ, ಹಾಗಾಗಿ ನೀರು ನೀವು ಹಾಕಿ, ನೆಲ ಒಣಗಿದ್ಮೇಲೆ ರಂಗೋಲಿ ಅವರು ಹಾಕ್ಲಿ. ಬಚ್ಚಲುಮನೇಲಿ ಗೋಡೆಗೆ ಸ್ಟೀಲ್ ಹಿಡಿ ಹಾಕಿಸಿ, ರಾತ್ರಿ ಟಾಯ್ಲೆಟ್ ದಾರೀಲಿ ಒಂದು ಸಣ್ಣ ದೀಪ ಇರ್ಲಿ, ಬಾಗಿಲ ಹತ್ರ ಜಾರೋ ಮ್ಯಾಟ್ ತೆಗೀರಿ.

ಕ್ಯಾಲ್ಸಿಯಂ ದಿನಕ್ಕೆ ಒಟ್ಟು 1,000ದಿಂದ 1,200 ಮಿಲಿಗ್ರಾಂ, ಆದಷ್ಟೂ ಊಟದಲ್ಲೇ. 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಇದೆ, ಹಾಲು ಮೊಸರು ಎಳ್ಳು ಸೊಪ್ಪು ಸೇರಿದ್ರೆ ಹತ್ರ ಹತ್ರ ಬರತ್ತೆ, ಆದ್ರೆ ಮುದ್ದೆ ಅಂದ್ರೆ ಶುಗರ್ ಏರಲ್ಲ ಅಂತ ಯಾರೋ ಹೇಳಿದ್ದನ್ನ ನಂಬಿ ದೊಡ್ಡ ಮುದ್ದೆ ಬೇಡ, ಏರತ್ತೆ. ವಿಟಮಿನ್ ಡಿ 60,000 ಯೂನಿಟ್ ಪುಡಿ ವಾರಕ್ಕೊಂದು ಅಂತ ಎಂಟು ವಾರ ಬರೆದುಕೊಟ್ಟಿದ್ದನ್ನ ಮೂರು ವರ್ಷ ತಗೊಂಡವರನ್ನ ನೋಡಿದ್ದೀನಿ, ಹಾಗೆ ಮಾಡ್ಬೇಡಿ.

ಕ್ಯಾಲ್ಸಿಯಂ ಒಂದರಲ್ಲೇ ನಿಮ್ಮ ತಾಯಿಯವ್ರಿಗೆ ಸಾಲಲ್ಲ, ಮೂಳೆಗೆ ಔಷಧಿ ಬೇಕು ಅನ್ನೋದು ನನ್ನ ಅಭಿಪ್ರಾಯ. ಇಜಿಎಫ್ಆರ್ 35ಕ್ಕಿಂತ ಮೇಲಿದ್ರೆ ವಾರಕ್ಕೊಂದು ಅಲೆಂಡ್ರೊನೇಟ್ 70 ಮಿಲಿಗ್ರಾಂ, ಬರೀ ಹೊಟ್ಟೇಲಿ ದೊಡ್ಡ ಲೋಟ ನೀರಿನ ಜೊತೆ, ಆಮೇಲೆ ಅರ್ಧ ಗಂಟೆ ಮಲಗೋ ಹಾಗಿಲ್ಲ, ಕಾಫೀನೂ ಇಲ್ಲ. ಅದು ಕಷ್ಟ ಅನ್ಸಿದ್ರೆ ವರ್ಷಕ್ಕೊಂದ್ಸಲ ಜೊಲೆಡ್ರೊನಿಕ್ ಆ್ಯಸಿಡ್ 5 ಮಿಲಿಗ್ರಾಂ ಡ್ರಿಪ್, ಎರಡು ದಿನ ಜ್ವರ ಮೈಕೈ ನೋವು ಬರಬಹುದು, ಡ್ರಿಪ್ಪಿಗೆ ಮುಂಚೆ ವಿಟಮಿನ್ ಡಿ ಸರಿಯಾಗಿರ್ಬೇಕು, ಹಲ್ಲು ಕೀಳಿಸೋದಿದ್ರೆ ಮೊದಲೇ ಮುಗಿಸ್ಕೊಳ್ಳಿ. ಕಿಡ್ನಿ ಕೈಕೊಟ್ಟಿದ್ರೆ ಆರು ತಿಂಗಳಿಗೊಂದು ಡೆನೊಸುಮಾಬ್ ಇಂಜೆಕ್ಷನ್ ಇದೆ, ಅದಕ್ಕೆ ಮುಂಚೆ ಕ್ಯಾಲ್ಸಿಯಂ ನೋಡ್ಲೇಬೇಕು, ಶುರು ಮಾಡಿದ್ಮೇಲೆ ಡೋಸ್ ತಪ್ಪಿಸಲೇಬಾರ್ದು, ತಪ್ಪಿಸಿದ್ರೆ ಬೆನ್ನುಮೂಳೆ ಒಂದರ ಹಿಂದೊಂದು ಮುರಿದಿರೋ ಉದಾಹರಣೆಗಳಿವೆ. ಎಕ್ಸ್-ರೇಯಲ್ಲಿ ಬೆನ್ನುಮೂಳೆನೂ ಕುಸಿದಿದ್ರೆ ದಿನಾ ಚುಚ್ಕೊಳ್ಳೋ ಟೆರಿಪ್ಯಾರಟೈಡ್ ಮೊದಲು ಯೋಚಿಸ್ತೀನಿ, ಅದು ಹೊಸ ಮೂಳೆ ಕಟ್ಟೋ ಔಷಧಿ. ಶುಗರ್ ಇರೋರಲ್ಲಿ ಮೂಳೆ ಮೊದಲೇ ಮಂದ, ಸವೆತ ತಡೆಯೋ ಔಷಧಿ ಕೊಟ್ರೆ ಇನ್ನೂ ಮಂದ ಆಗಲ್ವಾ ಅಂತ ಕೆಲವರು ಹಿಂದೇಟು ಹಾಕ್ತಾರೆ, ಪ್ರಯೋಗಗಳಲ್ಲಿದ್ದ ಶುಗರ್ ರೋಗಿಗಳನ್ನ ಬೇರೆಯಾಗಿ ನೋಡಿದಾಗ ಅವರಿಗೂ ಬೇರೆಯವರಷ್ಟೇ ಉಪಯೋಗ ಆಗಿದೆ.

ವಾಕಿಂಗ್ ಬಗ್ಗೆ ಕೇಳಿದ್ರಿ. ಹೋಗ್ಲಿ, ಖಂಡಿತ ಹೋಗ್ಲಿ, ಮನೇಲಿ ಕೂರಿಸಿದ್ರೆ ಕಾಲಿನ ಶಕ್ತಿ ಹೋಗಿ ಮತ್ತೆ ಬೀಳ್ತಾರೆ. ರಸ್ತೆ ಫುಟ್‌ಪಾತ್ ಬೇಡ, ಎಲ್ಲಿ ಕಲ್ಲು ಎದ್ದಿರತ್ತೆ ಗೊತ್ತಾಗಲ್ಲ, ಪಾರ್ಕಿನ ಸಮತಟ್ಟು ದಾರೀಲಿ, ಬೆಳಕು ಹರಿದ್ಮೇಲೆ, ಚಪ್ಪಲಿ ಬದಲು ಹಿಂದೆ ಪಟ್ಟಿ ಇರೋ ಶೂ ಹಾಕ್ಕೊಂಡು. ಕೈ ಪ್ಲಾಸ್ಟರ್ ಇರೋವರೆಗೂ ಜೊತೆಗೊಬ್ರು ಇರಿ, ಬ್ಯಾಲೆನ್ಸ್ ತಪ್ಪಿದ್ರೆ ಹಿಡ್ಕೊಳ್ಳಕ್ಕೆ ಅವರಿಗೆ ಒಂದೇ ಕೈ ಇರೋದು. ಯೋಗ ಕ್ಲಾಸಿಗೆ ಹೋಗ್ತಿದ್ರೆ ಬೆನ್ನಿನ ಎಕ್ಸ್-ರೇ ಆಗೋವರೆಗೂ ಮುಂದಕ್ಕೆ ಬಗ್ಗೋ ಆಸನಗಳು ಬೇಡ. ಆ ಎಕ್ಸ್-ರೇ ರಿಪೋರ್ಟು, ಇಜಿಎಫ್ಆರ್, ವಿಟಮಿನ್ ಡಿ ಈ ಮೂರು ಬಂದ್ಮೇಲೆ ನನಗೆ ಬರೆದು ಕಳಿಸಿ, ಯಾವ ಔಷಧಿ ಅನ್ನೋದನ್ನ ಆವಾಗ ಹೇಳ್ತೀನಿ.